ದ್ರಾಕ್ಷಿ ಪುಸ್ತಕದ ಬದಲಾವಣೆ ಪುಟ

ಸೊಲ್ಲಾಪುರ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಒಂದು ಬದಿಗೆ ಟ್ರ್ಯಾಕ್ಟರಿನ ಬಿಡಿಭಾಗ ಮಾರುವವರು, ಇನ್ನೊಂದು ಬದಿಗೆ ವೆಲ್ಡಿಂಗಿನವರು, ನಡುವೆ ನಾನು, ನನ್ನ ಕಂಪ್ಯೂಟರು, ಪ್ರಿಂಟರು. ಲಗ್ನಪತ್ರಿಕೆ, ಕರಪತ್ರ, ಶಾಲೆಯ ವಾರ್ಷಿಕ ಸಂಚಿಕೆ, ಯಾರದೋ ಅಭಿನಂದನ ಗ್ರಂಥ, ಹೀಗೆ ಅಕ್ಷರ ಜೋಡಿಸಿ ಪುಟ ಕಟ್ಟಿಕೊಡುವುದು ನನ್ನ ಕಸುಬು. ಬರುವವರಿಗೆ ಇದು ಕಸುಬು ಅಂತ ಅನ್ನಿಸುವುದೇ ಇಲ್ಲ. "ಅಕ್ಕಾರ, ಒಂದೀಟ ಟೈಪ್ ಹೊಡದ ಕೊಡ್ರಿ, ಐದ ಮಿನಿಟಿನ ಕೆಲಸ" ಅನ್ನುತ್ತಾರೆ. ಅಷ್ಟು ಸಲೀಸಾದರೆ ಮನೆಯಲ್ಲೇ ಹೊಡೆದುಕೊಳ್ಳಿ ಎಂದು ನಾನು ಮುಖದ ಮೇಲೆ ಹೇಳಿಬಿಡುತ್ತೇನೆ. ಅದಕ್ಕೇ ಈ ರಸ್ತೆಯಲ್ಲಿ ನನಗೆ ಬಾಯಿಬಡಕಿ ಎಂಬ ಹೆಸರಿದೆ. ಇರಲಿ.

ಉಳಿದ ಅಂಗಡಿಯವರು ಬಳಸುವ ತಂತ್ರಾಂಶ ಬೇರೆ, ನನ್ನದು ಬೇರೆ. ಬಹಳ ಹಿಂದೆ ಕಾಲೇಜಿನ ಗಣಿತದ ಮಾಸ್ತರರೊಬ್ಬರು ತಮ್ಮ ಪುಸ್ತಕ ಮಾಡಿಸಲು ಬಂದವರು, ಸೂತ್ರಗಳೆಲ್ಲ ಚೆಲ್ಲಾಪಿಲ್ಲಿಯಾದದ್ದು ನೋಡಿ ತಲೆ ಚಚ್ಚಿಕೊಂಡು, ಕೊನೆಗೆ ತಾವೇ ನನಗೆ ಇದನ್ನು ಕಲಿಸಿ ಹೋದರು. ಇದರಲ್ಲಿ ಅಕ್ಷರಗಳನ್ನು ಪರದೆಯ ಮೇಲೆ ಹಿಡಿದು ಎಳೆಯುವುದು, ತಳ್ಳುವುದು ಇಲ್ಲ. ಇದು ತಲೆಬರಹ, ಇದು ಕೋಷ್ಟಕ, ಇದು ಅಡಿಟಿಪ್ಪಣಿ ಎಂದು ಬರೆದು ಕೊಟ್ಟರೆ ಪುಟವನ್ನು ಅದೇ ಕಟ್ಟುತ್ತದೆ. ಇದರ ಒಂದೊಂದು ಭಾಗವನ್ನೂ ಯಾರೋ ಎಲ್ಲೋ ಕೂತು ಬರೆದಿರುತ್ತಾರೆ. ಅವರು ಏನನ್ನಾದರೂ ತಿದ್ದಿದಾಗ ಜೊತೆಗೆ ಬದಲಾವಣೆಗಳ ಇತಿಹಾಸ ಎಂಬ ಪುಟವನ್ನೂ ಇಟ್ಟಿರುತ್ತಾರೆ. ಏನು ಬದಲಾಯಿತು, ಯಾಕೆ ಬದಲಾಯಿತು, ಹಳೆಯದನ್ನು ನಂಬಿದವರು ಈಗ ಏನು ಮಾಡಬೇಕು, ಎಲ್ಲ ಅಲ್ಲಿರುತ್ತದೆ. ಕೋಷ್ಟಕದ ಗೆರೆ ಜಾರುತ್ತಿದ್ದದ್ದು ತನ್ನ ತಪ್ಪಿನಿಂದ ಎಂದು ಒಬ್ಬ ಬರೆದುಕೊಂಡದ್ದನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ನನ್ನ ಗಂಡ ಕೂಡ ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಆಡಿದವರಲ್ಲ.

ನಮ್ಮ ಫೋನಿನ ಆಪುಗಳನ್ನು ನೋಡಿ. ಹೊಸದಾಗಿ ಬಂದಾಗಲೆಲ್ಲ ಕೆಲವು ಸುಧಾರಣೆಗಳನ್ನು ಮಾಡಲಾಗಿದೆ ಎಂಬ ಒಂದೇ ಸಾಲು. ಯಾವ ಸುಧಾರಣೆ, ಯಾರಿಗೆ ಸುಧಾರಣೆ, ಹೇಳುವುದಿಲ್ಲ. ನಿನ್ನೆ ಒತ್ತಿದ ಗುಂಡಿ ಇವತ್ತು ಇರುವುದಿಲ್ಲ, ಅಷ್ಟೇ ಗೊತ್ತಾಗುವುದು.

ಮಾಸ್ತರರ ತಂತ್ರಾಂಶದ ಆ ಪದ್ಧತಿ ನನಗೆ ಎಷ್ಟು ಹಿಡಿಸಿತೆಂದರೆ, ಗಿರಾಕಿಗಳಿಗೆ ಕೊಡುವ ಕರಡಿನ ಕೊನೆಗೂ ಅಂಥದೊಂದು ಪುಟ ಸೇರಿಸತೊಡಗಿದೆ. ಬಬಲೇಶ್ವರದಿಂದ ಲಗ್ನಪತ್ರಿಕೆಗೆ ಬಂದ ಯಜಮಾನರು ಅದನ್ನು ಮನೆಗೆ ಒಯ್ದು ಬೀಗರ ಮುಂದೆ ಗಟ್ಟಿಯಾಗಿ ಓದಿಬಿಟ್ಟರಂತೆ. ದೊಡ್ಡ ಕಾಕಾನ ಹೆಸರು ಮೇಲಕ್ಕೆ ತರಲಾಗಿದೆ. ಸಣ್ಣ ಕಾಕಾ ಮುನಿಸಿಕೊಂಡ ಕಾರಣ ಅವರ ಹೆಸರು ಅದಕ್ಕಿಂತ ಮೇಲಕ್ಕೆ. ದೊಡ್ಡ ಕಾಕಾ ಊಟ ಬಿಟ್ಟ ಕಾರಣ ಮತ್ತೆ ಮೊದಲಿನಂತೆ. ಮರುದಿನ ಅವರು ಅಂಗಡಿಗೆ ಬಂದು ಮೇಜು ಗುದ್ದಿದರು. "ನಮ್ಮ ಮನಿ ಮರ್ಯಾದಿ ಅಚ್ಚ ಹಾಕಿರೆಲ್ಲರಿ ಅಕ್ಕಾರ!"

"ಹೇಳಿದವರು ನೀವು, ಹಾಕಿದಾಕಿ ನಾ. ಸುಳ್ಳ ಇದ್ರ ತೋರಸ್ರಿ" ಎಂದೆ.

ಸುಳ್ಳು ಒಂದೂ ಇರಲಿಲ್ಲ, ಸಿಟ್ಟೆಲ್ಲ ಅದಕ್ಕೇ. ನಮ್ಮ ಜನಕ್ಕೆ ಬದಲಾಯಿಸಲು ನಾಚಿಕೆಯಿಲ್ಲ, ಬದಲಾಯಿಸಿದೆ ಎಂದು ಹೇಳಲು ಮಾತ್ರ ಜೀವ ಹೋಗುತ್ತದೆ. ಆಮೇಲೆ ಆ ಪುಟವನ್ನು ಗಿರಾಕಿಗಳಿಗೆ ತೋರಿಸುವುದು ಬಿಟ್ಟೆ. ನನ್ನ ಮಟ್ಟಿಗೆ ಬರೆದು ಇಟ್ಟುಕೊಳ್ಳುತ್ತಿದ್ದೆ.

ತಿಕೋಟಾದ ಔಷಧ ಅಂಗಡಿಯ ಸಾಹುಕಾರ ನನ್ನ ಹಳೆಯ ಗಿರಾಕಿ. ಔಷಧವೆಂದರೆ ಬೆಳೆಗೆ ಹೊಡೆಯುವ ಔಷಧ. ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗೆ ಅವರು ಒಂದು ಪುಸ್ತಕ ಮಾಡಿಸಿ ಪುಕ್ಕಟೆ ಹಂಚುತ್ತಿದ್ದರು. ಚಾಟ್ನಿ ಅಂದರೆ ಬಳ್ಳಿ ಸವರುವ ಕೆಲಸ ಮುಗಿದ ಮೇಲೆ ಯಾವ ಹಂತಕ್ಕೆ ಯಾವ ಔಷಧ, ಒಂದು ಡ್ರಮ್ಮು ನೀರಿಗೆ ಎಷ್ಟು ಎಂಬ ಕೋಷ್ಟಕ ಅದರೊಳಗೆ. ಮುಖಪುಟದಲ್ಲಿ ದ್ರಾಕ್ಷಿಗೊಂಚಲುಗಳ ನಡುವೆ ಕೈಮುಗಿದ ಸಾಹುಕಾರ. ಕೂದಲು ಕಾಡಿಗೆಯಷ್ಟು ಕಪ್ಪು, ಎಂಟೂ ಬೆರಳಿಗೆ ಉಂಗುರ. ರೈತರಿಗೆ ಕೈಮುಗಿದಿದ್ದಾರೋ, ಉಂಗುರ ತೋರಿಸುತ್ತಿದ್ದಾರೋ ತಿಳಿಯದಂಥ ಫೋಟೋ.

ಮಳೆಗಾಲ ಮುಗಿಯುತ್ತ ಬಂದಾಗ ಅವರು ಎರಡನೆಯ ಸಲ ಅಚ್ಚು ಹಾಕಿಸಲು ಬಂದರು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು. ಹೂ ಉದುರಿ ಕಾಯಿ ಕಟ್ಟುವಾಗ ಹೊಡೆಯುವ ಔಷಧದ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕಂತೆ. ಹೋದ ಹಂಗಾಮಿನಲ್ಲಿ ಪುಸ್ತಕ ನೋಡಿ ಹೊಡೆದ ಕೆಲವರ ತೋಟದಲ್ಲಿ ಎಳೆಯ ಗೊಂಚಲು ಸುಟ್ಟುಹೋಗಿವೆ. ಕಂಪನಿಯವರೂ ಈಗ ಅರ್ಧ ಸಾಕು ಅನ್ನುತ್ತಿದ್ದಾರೆ.

"ಮುಖಪುಟ ಬೇರೆ ಬಣ್ಣದಾಗ ಮಾಡೂಣ್ರಿ. ಇಲ್ಲಂದ್ರ ಹಳೇದು ಯಾವುದು, ಹೊಸದು ಯಾವುದು ತಿಳಿಯಂಗಿಲ್ಲ" ಎಂದೆ.

"ಬ್ಯಾಡ್ರಿ, ಅದ ಇರ್ಲಿ. ಆ ಫೋಟೋ ಚಲೋ ಬಂದೈತಿ."

"ಹಂಗಾರ ಮೊದಲನೇ ಪುಟದಾಗ ಇಷ್ಟ ಬದಲಾಗೈತಿ ಅಂತ ಬರೀತೇನಿ."

ಸಾಹುಕಾರ ನಕ್ಕರು. ಬುದ್ಧಿಯಿಲ್ಲದವರ ಹತ್ತಿರ ನಗುವ ನಗೆ ಅದು. "ಅಕ್ಕಾರ, ನಾವ ತಪ್ಪ ಹೇಳಿದ್ವಿ ಅಂತ ನಾವ ಅಚ್ಚ ಹಾಕಿಸಿ ಹಂಚೂಣೇನ್ರಿ? ನಾಳೆ ಸುಟ್ಟವರೆಲ್ಲ ಅಂಗಡಿ ಮುಂದ ಬಂದ ನಿಂತ್ರ? ಸುಮ್ನ ಅಂಕಿ ಬದಲ ಮಾಡ್ರಿ, ಯಾರಿಗೂ ತಿಳಿಯಂಗಿಲ್ಲ."

ಯಾರಿಗೂ ತಿಳಿಯುವುದಿಲ್ಲ ಎಂಬುದೇ ನನ್ನ ಎದೆ ಹಿಡಿದದ್ದು. ಯಾಕೆಂದರೆ ಬಿಜ್ಜರಗಿಯಲ್ಲಿ ನನ್ನ ಅಣ್ಣನ ದ್ರಾಕ್ಷಿ ತೋಟವಿದೆ. ಹೊಸ ತೋಟ, ಅದೇ ವರ್ಷ ಮೊದಲ ಫಸಲು. ಅವನ ಮೋಟಾರು ಕೋಣೆಯಲ್ಲಿ ಒಂದು ಮೊಳೆ, ಮೊಳೆಗೆ ತಂತಿ, ತಂತಿಗೆ ಆ ಪುಸ್ತಕ. ನಮ್ಮ ಕಡೆ ಬೆಳೆಗಾರರೆಲ್ಲರ ಪದ್ಧತಿಯೇ ಅದು. ಒಮ್ಮೆ ಮೊಳೆಗೆ ಏರಿದ ಪುಸ್ತಕ ಹರಿದು ಬೀಳುವವರೆಗೂ ಇಳಿಯುವುದಿಲ್ಲ. ಅದೇ ಮುಖಪುಟದ ಇನ್ನೊಂದನ್ನು ಕೊಟ್ಟರೆ ಇದು ನಮ್ಮಲ್ಲಿ ಐತಿ ಎಂದು ಮಕ್ಕಳ ಕೈಗೆ ಕೊಟ್ಟುಬಿಡುತ್ತಾರೆ.

ಅಂದು ಸಂಜೆಯೇ ಅಣ್ಣನಿಗೆ ಫೋನು ಮಾಡಿದೆ. ಕಾಯಿ ಕಟ್ಟುವಾಗ ಹೊಡೆಯುವುದನ್ನು ಅರ್ಧ ಮಾಡು ಎಂದೆ.

"ಸಾಹುಕಾರ ಹಂಗ ಹೇಳಿಲ್ಲ" ಎಂದ.

"ನನ್ನ ಮುಂದ ಹೇಳ್ಯಾರ."

"ಬುಕ್ಕಿನ್ಯಾಗ ಹಂಗಿಲ್ಲ."

"ಆ ಬುಕ್ಕ ಮಾಡಿದಾಕಿ ನಾನ ಅದೇನಿ ಅಣ್ಣಾ!"

"ಮಾಡಿದಾಕಿ ನೀ. ನೀ ಅಕ್ಷರ ಹಚ್ಚಾಕಿ, ನಿನಗ ದ್ರಾಕ್ಷಿದೇನ ಗೊತ್ತೈತಿ? ಕಡಿಮಿ ಹೊಡದು ರೋಗ ಬಿದ್ರ ನೀ ಬಂದ ನೋಡ್ತೀಯೇನ?"

ಫೋನಿಟ್ಟ. ನನ್ನ ಕೈಯಿಂದಲೇ ಹುಟ್ಟಿದ ಪುಸ್ತಕ ಅವನಿಗೆ ವೇದ, ನನ್ನ ಬಾಯಿಂದ ಬಂದದ್ದು ಮಾತ್ರ ಹರಟೆ. ಅವನ ಮೇಲೆ ಬಂದ ಸಿಟ್ಟಿನಲ್ಲಿ ನಾನು ಸಾಹುಕಾರರ ಕೆಲಸವನ್ನೇ ತಡೆದೆ. ಅಂಕಿ ತಿದ್ದಿದ್ದೇನೆ, ಆದರೆ ಬದಲಾವಣೆ ಪುಟವಿಲ್ಲದೆ ಈ ಪುಸ್ತಕ ನನ್ನ ಅಂಗಡಿಯಿಂದ ಹೊರಗೆ ಹೋಗುವುದಿಲ್ಲ ಎಂದು ಹೇಳಿ ಕಳಿಸಿದೆ. ಸಾಹುಕಾರರಿಗೆ ಅದು ಗಿರಾಕಿಗೆ ಆದ ಅವಮಾನವಾಗಿ ಕಂಡಿತು. "ಸೊಲ್ಲಾಪುರ ರೋಡಿಗೆ ನೀವೊಬ್ರ ಅದೀರೇನ್ರಿ?" ಎಂದು ಅದೇ ರಸ್ತೆಯ ಇನ್ನೊಂದು ಅಂಗಡಿಗೆ ಹೋದರು.

ಆ ಅಂಗಡಿಯವರಿಗೆ ನನ್ನ ತಂತ್ರಾಂಶದ ಗಂಧಗಾಳಿ ಇಲ್ಲ. ಹೀಗಾಗಿ ಎಲ್ಲವನ್ನೂ ಹೊಸದಾಗಿ ಟೈಪು ಮಾಡಬೇಕಾಯಿತು. ಅದಕ್ಕೆ ಸಾಹುಕಾರ ಏನು ಕೊಟ್ಟರು? ಹಳೆಯ ಪುಸ್ತಕವನ್ನೇ ಕೊಟ್ಟು, ಇದ್ದದ್ದು ಇದ್ದಂಗ ಹೊಡೀರಿ ಎಂದರು. ಅಂಕಿ ತಿದ್ದಿಸಿಯಾಗಿದೆ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಅದು ತಿದ್ದಿಯಾಗಿದ್ದದ್ದು ನನ್ನ ಕಂಪ್ಯೂಟರಿನಲ್ಲಿ. ಅವರ ಕೈಯಲ್ಲಿದ್ದದ್ದು ಹೋದ ವರ್ಷದ್ದು. ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸ ಕಾಣಬಾರದು ಎಂದು ಹಟ ಹಿಡಿದ ಮನುಷ್ಯನಿಗೆ ವ್ಯತ್ಯಾಸ ಕಾಣಲಿಲ್ಲ. ಅಂಗಡಿಯವರು ನಿಷ್ಠೆಯಿಂದ ಹಳೆಯ ಅಂಕಿಯನ್ನೇ ಹೊಡೆದರು. ಹೊಸ ಪುಸ್ತಕ, ಎರಡನೆಯ ಮುದ್ರಣ, ಪರಿಷ್ಕೃತ ಎಂದು ಬೇರೆ ಹಾಕಿದ್ದರು. ಏನು ಪರಿಷ್ಕಾರವೋ!

ಇದು ನನಗೆ ಗೊತ್ತಾದದ್ದು ಅಣ್ಣನಿಂದಲೇ. ಗೆದ್ದವನ ದನಿಯಲ್ಲಿ ಫೋನು ಮಾಡಿದ.

"ಹೊಸಾ ಬುಕ್ಕ ಬಂತ ನೋಡು. ಹಳೇದರಾಗ ಇದ್ದದ್ದ ಐತಿ. ಎರಡೂ ಬಾಜೂಕ ಇಟ್ಟ ನೋಡೇನಿ. ಅರ್ಧ ಅಂತ ಎಲ್ಲೂ ಇಲ್ಲ. ನಾಳೆ ಮುಂಜಾನೆ ಔಷಧ ಹೊಡ್ಯಾಕ ಟ್ರ್ಯಾಕ್ಟರ್ ಬ್ಲೋವರಿನವಗ ಹೇಳೇನಿ."

ತಕ್ಷಣ ಸಾಹುಕಾರರಿಗೆ ಫೋನು ಹಚ್ಚಿ ಪುಸ್ತಕ ತೆಗೆದು ನೋಡಲು ಹೇಳಿದೆ. ಪುಟ ತಿರುವುವ ಸದ್ದು ಕೇಳಿಸಿತು. ಕೊನೆಗೆ, "ಇದು ಸಾಫ್ಟ್‌ವೇರಿನ ಮಿಸ್ಟೇಕ್ ಇರಬೇಕ್ರಿ" ಎಂದರು.

ಆ ಮನುಷ್ಯನ ಜಾಣತನಕ್ಕೆ ಏನು ಹೇಳುವುದು? ತಾನು ಯಾವತ್ತೂ ಮುಟ್ಟದ ತಂತ್ರಾಂಶದ ಕುತ್ತಿಗೆಗೆ ತನ್ನ ತಪ್ಪು ಕಟ್ಟಿದರು. ನಮ್ಮ ಅಣ್ಣನಿಗೆ ಒಂದು ಫೋನು ಮಾಡಿ ನಿಮ್ಮ ಬಾಯಿಂದ ಹೇಳಿ ಎಂದು ಬೇಡಿಕೊಂಡೆ. ಹೌದು, ನಾನು ಬೇಡಿಕೊಂಡೆ. "ಹಚ್ತೇನಿ ಬಿಡ್ರಿ. ಅಂಗಡಿಗೆ ಬಂದವರಿಗೆಲ್ಲ ಬಾಯಾಗ ಹೇಳಿದ್ರಾತು" ಎಂದರು. ಹಚ್ಚುವುದಿಲ್ಲ ಎಂದು ಅವರ ದನಿಯಲ್ಲೇ ಗೊತ್ತಾಯಿತು. ಆಮೇಲೆ ಅಣ್ಣನನ್ನು ಕೇಳಿದಾಗ ಹಚ್ಚಿರಲೂ ಇಲ್ಲ.

ನಾನು ಕಂಪ್ಯೂಟರಿನ ಮುಂದೆ ಕೂತೆ. ನಾನು ಮಾಡಿದ್ದ ಮೊದಲ ಪುಸ್ತಕದ ಅಳತೆಯಲ್ಲೇ, ಅದೇ ಅಕ್ಷರದಲ್ಲಿ ಒಂದೇ ಒಂದು ಪುಟ ಕಟ್ಟಿದೆ. ತಲೆಬರಹ: ಬದಲಾವಣೆಗಳ ಇತಿಹಾಸ. ಮೊದಲ ಮುದ್ರಣದಲ್ಲಿ ಕಾಯಿ ಕಟ್ಟುವ ಹಂತದ ಔಷಧದ ಪ್ರಮಾಣ ಹೆಚ್ಚಾಗಿತ್ತು, ಕೆಲವು ತೋಟಗಳಲ್ಲಿ ಗೊಂಚಲು ಸುಟ್ಟವು. ಪ್ರಕಾಶಕರು ಅದನ್ನು ಅರ್ಧಕ್ಕೆ ಇಳಿಸಿದರು. ಆದರೆ ಎರಡನೆಯ ಮುದ್ರಣದಲ್ಲೂ ಹಳೆಯ ಅಂಕಿಯೇ ಉಳಿದಿದೆ. ಎರಡರಲ್ಲಿ ಯಾವ ಪುಸ್ತಕ ಇದ್ದವರೂ ಅರ್ಧ ಎಂದು ಓದಿಕೊಳ್ಳಬೇಕು. ಅಷ್ಟೇ. ಬೈಗುಳ ಒಂದೂ ಹಾಕಲಿಲ್ಲ. ಹಾಕಲು ಬಹಳ ಮನಸ್ಸಿತ್ತು.

ಪ್ರಿಂಟರಿನಲ್ಲಿದ್ದ ಹಾಳೆ ಮುಗಿಯುವವರೆಗೂ ಪ್ರತಿ ತೆಗೆದೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ತಿಕೋಟಾದಲ್ಲಿ ಇಳಿದೆ. ಸಾಹುಕಾರ ಆಗಷ್ಟೇ ಅಂಗಡಿ ತೆಗೆದು ಊದಿನಕಡ್ಡಿ ಹಚ್ಚುತ್ತಿದ್ದರು. ಕಟ್ಟೆಯ ಮೇಲೆ ಹಾಳೆಗಳ ಕಟ್ಟನ್ನು ಇಟ್ಟೆ.

"ಏನ್ರಿ ಇದು?"

"ನಿಮ್ಮ ಪುಸ್ತಕದ ಕಡೀ ಪುಟ್ರಿ. ಒಳಗ ಸೇರಸೂದು ಮರತಿದ್ರಿ."

ಅವರು ಓದಿ ಮುಗಿಸುವಷ್ಟರಲ್ಲಿ ಔಷಧಕ್ಕೆ ಬಂದು ನಿಂತಿದ್ದವರು ಒಂದೊಂದು ಹಾಳೆ ಎಳೆದುಕೊಂಡಿದ್ದರು. ಪುಕ್ಕಟೆ ಸಿಕ್ಕಿದ್ದನ್ನು ನಮ್ಮ ಕಡೆ ಯಾರೂ ಬಿಡುವುದಿಲ್ಲ. ಓದಿದವನೊಬ್ಬ, "ಹೌದೇನ್ರಿ ಸಾಹುಕಾರ್ರ?" ಎಂದು ಕೇಳಿದ. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು. "ಹೌದ್ರಿ, ನಾನ ಮಾಡಿಸೇನಿ. ರೈತರ ಸಲುವಾಗಿ" ಎಂದುಬಿಟ್ಟರು ಸಾಹುಕಾರ! ನನಗೆ ಅಲ್ಲಿ ನಿಂತು ನಗಲು ಹೊತ್ತಿರಲಿಲ್ಲ. ಬಿಜ್ಜರಗಿಯ ಬಸ್ಸು ಹೊರಟು ನಿಂತಿತ್ತು.

ತೋಟಕ್ಕೆ ಹೋದಾಗ ಟ್ರ್ಯಾಕ್ಟರು ಗುರುಗುಡುತ್ತಿತ್ತು. ಡ್ರಮ್ಮಿಗೆ ನೀರು ತುಂಬಿಯಾಗಿತ್ತು. ಅಣ್ಣ ಬಾಯಿಗೆ ಟವೆಲು ಕಟ್ಟಿಕೊಂಡು ಔಷಧದ ಡಬ್ಬಿಯ ಮುಚ್ಚಳ ತಿರುವುತ್ತಿದ್ದ. ಅವನ ಹಿಂದೆ ಬಳ್ಳಿಗಳಲ್ಲಿ ಎಳೆಯ ಗೊಂಚಲು, ಕಾಳು ಇನ್ನೂ ಜೋಳದಷ್ಟೂ ಆಗಿರಲಿಲ್ಲ. ಮೋಟಾರು ಕೋಣೆಯ ಬಾಗಿಲಲ್ಲಿ ಒಂದೇ ಮೊಳೆಗೆ ಎರಡು ಪುಸ್ತಕ ತೂಗುತ್ತಿದ್ದವು, ಇಬ್ಬರು ಸಾಹುಕಾರರು ಕೈಮುಗಿದಿದ್ದರು.

"ಅಣ್ಣಾ, ನಿಂದ್ರು! ಹಾಕಬ್ಯಾಡ!" ಎಂದು ಬದುವಿನಿಂದಲೇ ಚೀರಿದೆ.

"ಮತ್ತ ಬಂದೇನ ನಿನ್ನ ಅರ್ಧ ತಗೊಂಡು?" ಎಂದ. ಕೈ ಮಾತ್ರ ನಿಂತಿತ್ತು.

ಹಾಳೆಯನ್ನು ಅವನ ಕೈಗೆ ಕೊಟ್ಟೆ. ಡಬ್ಬಿ ಕೆಳಗಿಟ್ಟು, ಟವೆಲು ಸರಿಸಿ, ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದಿದ. ಹಾಳೆ ತಿರುವಿ ಹಿಂದೆ ಏನಾದರೂ ಇದೆಯೋ ನೋಡಿದ. ಮೋಟಾರು ಕೋಣೆಗೆ ಹೋಗಿ ಹಳೆಯ ಪುಸ್ತಕದ ಅಕ್ಷರಕ್ಕೂ ಇದರ ಅಕ್ಷರಕ್ಕೂ ತಾಳೆ ಹಾಕಿದ. ಮತ್ತೆ ಬಂದು ಡಬ್ಬಿಯಿಂದ ಅಳೆದು ಅರ್ಧವನ್ನಷ್ಟೇ ಡ್ರಮ್ಮಿಗೆ ಸುರಿದು, ಮುಚ್ಚಳ ಬಿಗಿದ. ಹಾಳೆಯನ್ನು ಮೊಳೆಗೆ ಚುಚ್ಚಿದ. ಮೇಲಿನ ಸಾಹುಕಾರರ ಮುಖ ಅದರ ಹಿಂದೆ ಮುಚ್ಚಿಹೋಯಿತು.

ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ, ತೋಟ ಉಳಿಯಿತೆಂಬ ಸಮಾಧಾನಕ್ಕೋ, ಎರಡಕ್ಕೂ ಇರಬೇಕು.

ಅಣ್ಣ ಬ್ಲೋವರಿನವನಿಗೆ ಕೈಸನ್ನೆ ಮಾಡಿ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ನಿಜವಾದ ಬೇಸರವಿತ್ತು.

"ಇಷ್ಟ ಸ್ವಚ್ಛ ಬರದೈತೆಲ್ಲ ಇದರಾಗ" ಎಂದ. "ಮೊದಲ ಯಾಕ ಹೇಳಲಿಲ್ಲ ನೀ?"

ಸೊಲ್ಲಾಪುರ ರಸ್ತೆಗೆಲ್ಲ ಬಾಯಿಬಡಕಿ ಎಂದು ಹೆಸರಾದವಳು ನಾನು. ಅವತ್ತು ಆ ಬದುವಿನ ಮೇಲೆ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ.