ಏನು ಬಂತು?

ಬೆಳಿಗ್ಗೆ ಎಂಟಕ್ಕೇ ಬೆವರು ಕಿತ್ತುಬರುವ ಸಿಂಗಾಪುರದ ಪಾಸಿರ್ ರಿಸ್‌ನಲ್ಲಿ ಹಿಮದ ನಾಡಿನ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದ ಮನುಷ್ಯ ನಮ್ಮ ಪಕ್ಕದ ಮನೆಯ ಸೀತಾರಾಮ್ ಅಂಕಲ್ ಒಬ್ಬರೇ. ಕಿತ್ತಳೆ ಬಣ್ಣದ, ಕಿವಿಯ ಕಡೆ ದಪ್ಪ ಮೆತ್ತೆಯಿದ್ದ ಹೆಲ್ಮೆಟ್ ಅದು. ಮಂಡಿ ಕೈಕೊಟ್ಟ ಮೇಲೆ ಕೊಂಡ ಬ್ಯಾಟರಿ ಸ್ಕೂಟರ್ ನಡಿಗೆಗಿಂತ ಚೂರು ಜೋರಾಗಿ ಹೋಗುತ್ತಿತ್ತು, ಅಷ್ಟೇ. ಅದಕ್ಕೂ ಹೆಲ್ಮೆಟ್!

ಪ್ರತಿ ಕ್ರಾಸಿಂಗ್‌ನಲ್ಲೂ ಅವರದೊಂದು ಪೂಜಾವಿಧಾನ. ಸ್ಕೂಟರ್ ಪೂರ್ತಿ ನಿಲ್ಲಿಸಿ, ಸ್ವಿಚ್ ಆರಿಸಿ, ಹೆಲ್ಮೆಟ್ ತೆಗೆದು ಹ್ಯಾಂಡಲ್‌ಗೆ ಸಿಕ್ಕಿಸಿ, ಊರುಗೋಲು ಊರಿ ಎದ್ದು ನಿಂತು ಎರಡೂ ಕಡೆ ಕಿವಿಗೊಡುವರು. ಅಷ್ಟರಲ್ಲಿ ಸಿಗ್ನಲ್ ದೀಪದ ಹಸಿರು ಮನುಷ್ಯ ಬಂದು ಹೋಗಿಯೂ ಆಗಿರುತ್ತಿತ್ತು. "ಅಂಕಲ್, ಗ್ರೀನ್ ಆಲ್‌ರೆಡಿ ಲಾ!" ಎಂದು ಹಿಂದಿನವರು ಸಿಂಗಾಪುರದ ಧಾಟಿಯಲ್ಲಿ ಗೊಣಗಿದರೆ ನಗುತ್ತಾ ದಾರಿ ಬಿಡುವರು. "ನೀವು ಹೋಗಿ. ನಂದು ಇನ್ನೂ ಕೇಳಿಸ್ಕೊಳ್ಳೋದು ಮುಗಿದಿಲ್ಲ."

ಹಾಸನದ ಕಡೆಯ ಈ ಗಣಿ ಎಂಜಿನಿಯರ್ ಕೆನಡಾದ ಉತ್ತರದಲ್ಲಿ ಬಹಳ ವರ್ಷ ಕೆಲಸ ಮಾಡಿ, ಆಮೇಲೆ ಮಗನ ಹತ್ತಿರ ಸಿಂಗಾಪುರಕ್ಕೆ ಬಂದವರು. ಅಲ್ಲಿ ಚಳಿಗಾಲವಿಡೀ ಅವರ ವಾಹನ ಸ್ನೋಮೊಬೈಲ್. ಚಕ್ರದ ಬದಲು ಪಟ್ಟಿಯ ಮೇಲೆ ಹಿಮದಲ್ಲಿ ಓಡುವ ಗಾಡಿ. ಒಂದು ಭಾನುವಾರ ಹೆಂಡತಿ ವಿಶಾಲ ಆಂಟಿಯನ್ನು ಹಿಂದೆ ಕೂರಿಸಿಕೊಂಡು ಸ್ನೇಹಿತರ ಮನೆಗೆ ಊಟಕ್ಕೆ ಹೊರಟಿದ್ದರಂತೆ. ಆಂಟಿಯ ತೊಡೆಯ ಮೇಲೆ ಬಿಸಿಬೇಳೆಬಾತಿನ ಪಾತ್ರೆ. ಹಿಮದ ದಾರಿ ಹೆದ್ದಾರಿಯನ್ನು ಅಡ್ಡ ಹಾಯುವಲ್ಲಿ ಆಂಟಿ "ಬಂತು!" ಎಂದು ಕೂಗಿದರು. ಮನೆ ಹತ್ತಿರ ಬಂತು ಅಂದುಕೊಂಡು ಅಂಕಲ್ ಇನ್ನಷ್ಟು ಜೋರು ಮಾಡಿದರು. ಬಂದದ್ದು ಮರದ ದಿಮ್ಮಿ ಹೊತ್ತ ಲಾರಿ.

"ಹ್ಯಾಂಡಲ್ ತಿರುಗಿಸ್ದೆ ನೋಡಮ್ಮ, ಇಬ್ರೂ ಹಿಮದ ಗುಡ್ಡೆಯೊಳಗೆ! ಎದ್ದು ನೋಡಿದ್ರೆ ಬಿಳೀ ಹಿಮದ ಮೇಲೆ ಬಾತು ಹೊಗೆಯಾಡ್ತಾ ಇದೆ. ಗೋಡಂಬಿ ಸಮೇತ," ಎಂದು ಅಂಕಲ್ ನನಗೆ ಹೇಳಿ ನಗುವರು.

"ನಗಬೇಡ್ರಿ. ನಂಗೆ ಈಗ್ಲೂ ಎದೆ ಧಸಕ್ ಅನ್ನತ್ತೆ," ಎನ್ನುವರು ಆಂಟಿ.

ಅಂದಿನಿಂದ ಅಂಕಲ್ ಮನೆಯಲ್ಲಿ ಬರೀ "ಬಂತು" ನಿಷಿದ್ಧ. ಕನ್ನಡ ಶಾಲೆಯ ವ್ಯಾಕರಣ ಅವರ ನೆರವಿಗೆ ಬಂದಿತ್ತು. "ಕರ್ತೃಪದ ಎಲ್ಲಿ? ಏನು ಬಂತು ಅಂತ ಮೊದ್ಲು ಹೇಳಿ. ನಮ್ಮ ಭಾಷೇಲಿ ಬಸ್ಸೂ ಬರತ್ತೆ, ನಿದ್ದೇನೂ ಬರತ್ತೆ, ಜ್ವರಾನೂ ಬರತ್ತೆ. ಬರೀ 'ಬಂತು' ಅಂತ ಕೇಳಿಸಿದ್ರೆ ನಿಂತಲ್ಲೇ ನಿಲ್ಲಬೇಕು."

ನನ್ನ ಮಗಳು ಮೈತ್ರಿಗೆ ಇದು ಆಟವಾಯಿತು. "ತಾತ, ಲಿಫ್ಟ್ ಬಂತು ಲಾ!" ಎಂದು ಕಿರುಚಿ ಶಭಾಷ್‌ಗಿರಿ ಗಿಟ್ಟಿಸುವಳು.

ಆಂಟಿಗೆ ಮಾತ್ರ ಆ ಸ್ಕೂಟರ್ ಕಂಡರಾಗದು. ಅದಿಲ್ಲದೆ ಅಂಕಲ್ ಸಮುದ್ರದ ದಡಕ್ಕೆ ಹೋಗುವಂತಿರಲಿಲ್ಲ, ಹಾಕರ್ ಸೆಂಟರ್‌ನ ತಿಂಡಿ ಅಂಗಡಿಗಳ ಕಾಫಿಯೂ ಸಿಗುತ್ತಿರಲಿಲ್ಲ. ಆದರೂ ಆಂಟಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಇನ್ನೊಂದು ಸಲ ನನ್ನ ಹೆದರಿಸಿದ್ರೆ ಮಾರಿಬಿಡೋದೇ."

ಒಂದು ಶನಿವಾರ ನಾವೆಲ್ಲ ಕಾಫಿಗೆ ಹೊರಟು ಸಿಗ್ನಲ್‌ನಲ್ಲಿ ನಿಂತಿದ್ದೆವು. ಮೈತ್ರಿ ಬಗ್ಗಿ ಶೂ ಸರಿಮಾಡಿಕೊಳ್ಳುತ್ತಿದ್ದಳು. ತಿರುವಿನಿಂದ ಡೆಲಿವರಿ ಬೈಕೊಂದು ಫುಟ್‌ಪಾತಿನ ಅಂಚಿಗೇ ಒರಸಿಕೊಂಡು ನುಗ್ಗಿತು. ಗಾಬರಿಯಲ್ಲಿ ಆಂಟಿ ಹಳೇ ಚಾಳಿಯಂತೆ ಕೂಗಿದ್ದು ಒಂದೇ ಮಾತು: "ಬಂತು!"

ಹಸಿರು ದೀಪ ಬಂತೆಂದುಕೊಂಡು ಮೈತ್ರಿ ತಟಕ್ಕನೆ ಎದ್ದು ಮುಂದಕ್ಕೆ ಹೊರಟಳು. ನಾನು ಕೈ ಚಾಚುವಷ್ಟರಲ್ಲಿ ಅಂಕಲ್ ಊರುಗೋಲು ರೈಲ್ವೆ ಗೇಟಿನಂತೆ ಅವಳ ಹೊಟ್ಟೆಗೆ ಅಡ್ಡ ಬಿತ್ತು.

"ನಿಲ್ಲು! ಕರ್ತೃಪದ ಬಂದಿಲ್ಲ!"

ಬೈಕು ಗಾಳಿ ಬೀಸಿಕೊಂಡು ಹೋಯಿತು. ನಾನು ಮಗಳನ್ನು ಬಾಚಿ ಅಪ್ಪಿಕೊಂಡೆ. ಆಂಟಿ ಎದೆ ಹಿಡಿದುಕೊಂಡು, ಎಲ್ಲ ಮುಗಿದ ಮೇಲೆ, ಸಣ್ಣ ದನಿಯಲ್ಲಿ ವಾಕ್ಯ ಪೂರ್ತಿ ಮಾಡಿದರು. "ಬೈಕು... ಬೈಕು ಬಂತು."

ಮೊದಲು ನಕ್ಕವಳು ಮೈತ್ರಿ. ಆಮೇಲೆ ಎಲ್ಲರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಕಾಫಿ ಕುಡಿಯುವಾಗ ಆಂಟಿ ಗಂಡನ ಮುಖ ನೋಡದೆ ಹೇಳಿದರು: "ಇಟ್ಕೊಳ್ಳಿ ಆ ಸ್ಕೂಟರ್ನ. ಹೆಲ್ಮೆಟ್ ಮಾತ್ರ ಒಗೀರಿ, ನಾತ." ಅಂಕಲ್ ಇನ್ನೊಂದು ಕಾಫಿ ತರಿಸಿದರು.

ಹೋದ ವರ್ಷ ಅಂಕಲ್, ಆಂಟಿ ಅಲ್ಲೇ ನೆಲೆಸಿರುವ ತಮ್ಮ ಮಗಳ ಮನೆಗೆ, ಮತ್ತೆ ಕೆನಡಾಕ್ಕೆ ಶಿಫ್ಟ್ ಆದರು. ಹೊರಡುವ ದಿನ ಅಂಕಲ್ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಸೂಟ್‌ಕೇಸುಗಳ ನಡುವೆ, ಸ್ವೆಟರ್ ಹಾಕಿಕೊಂಡು, ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಿಮ ನೋಡುವ ಖುಷಿ ಮುಖದ ತುಂಬ ಇತ್ತು.

"ತಾತ, ಟ್ಯಾಕ್ಸಿ ಬಂತು," ಎಂದಳು ಮೈತ್ರಿ.

"ಶಭಾಷ್!"

ಸಾಮಾನೆಲ್ಲ ಹತ್ತಿತು, ಆಂಟಿಯೂ ಹತ್ತಿದರು. ಅಂಕಲ್ ನನ್ನ ಕಡೆ ತಿರುಗಿದರು. "ಯಾಕಮ್ಮ, ಅಲ್ಲೇ ನಿಂತುಬಿಟ್ಟೆ?"

"ಬಂತು, ಅಂಕಲ್."

"ಏನು ಬಂತು?"

"ಅಳು."

ಅವರು ಪೂರ್ತಿ ನಿಂತರು, ಕ್ರಾಸಿಂಗ್‌ನಲ್ಲಿ ನಿಲ್ಲುವ ಹಾಗೆಯೇ.

"ಹಾಗಾದ್ರೆ ಮೊದ್ಲು ಅದು ಹೋಗ್ಲಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಆಮೇಲೆ ದಾಟು."