ಪಾಲಪ್ಪ ಮತ್ತು ಕಬ್ಬಿಣದ ಗಾಣ

ದೊಡ್ಡೇರಿಯ ಕೆರೆಯ ಕೆಳಗೆ ಕಬ್ಬು ಬೆಳೆಯುತ್ತಿದ್ದ ಪಾಲಪ್ಪ ಒಳ್ಳೆಯ ಕೆಲಸಗಾರ, ತುಸು ಹಟಮಾರಿ. ಮಹಾರಾಜರ ಆಳ್ವಿಕೆಯ ಆ ಕಾಲದಲ್ಲಿ ಊರಿಗೆ ಮೊದಲ ಕಬ್ಬಿಣದ ಗಾಣ ಬಂದಾಗ ಅದರ ಬಾಯಿಗೆ ಕಬ್ಬಿನ ಜಲ್ಲೆ ಕೊಡಲು ಕುಳಿತವನು ಅವನೇ. ಅಲ್ಲಿಯವರೆಗೆ ಇದ್ದದ್ದು ಮರದ ಗಾಣ. ಎತ್ತುಗಳು ಎಷ್ಟು ಸುತ್ತಿದರೂ ಸಿಪ್ಪೆಯಲ್ಲಿ ಕಬ್ಬಿನ ಹಾಲು ಉಳಿದೇ ಹೋಗುತ್ತಿತ್ತು. ಹೊಸ ಗಾಣ ತಂದವರು ರೇಣುಕಯ್ಯ. ಬೆಂಗಳೂರಿನ ಬೇಸಾಯದ ಶಾಲೆಯಲ್ಲಿ ಓದಿ, ಅಲ್ಲಿನ ಉಪಕರಣಗಳ ವಿಭಾಗ ಸೇರಿ, ನೇಗಿಲು ಗಾಣಗಳನ್ನು ಹಳ್ಳಿಹಳ್ಳಿಗೆ ಒಯ್ದು ತೋರಿಸುತ್ತಿದ್ದ ತರುಣ.

ಹಾಲು ಧಾರೆಯಾಗಿ ಸುರಿಯಿತು. ಊರಿಗೆಲ್ಲ ಸಂತೋಷ. ಮಾರನೆಯ ದಿನ ಗಿಡ್ಡ ಜಲ್ಲೆಯೊಂದು ಗಾಣದ ಉರುಳೆಗಳ ಬಾಯಲ್ಲಿ ಸಿಕ್ಕಿಕೊಂಡಿತು. ಪಾಲಪ್ಪ ಅಂಗೈಯಿಂದ ತಳ್ಳಿದ. ಉರುಳೆಗಳು ಅವನ ಬಲಗೈ ಬೆರಳುಗಳನ್ನು ಎಳೆದುಕೊಂಡವು. ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕುತ್ತಿದ್ದ ಹೆಂಡತಿ ಕದರಮ್ಮ ಓಡಿ ಬಂದು ಎತ್ತುಗಳ ಹಗ್ಗ ಹಿಡಿದು ನಿಲ್ಲಿಸಿದಳು. ಗಾಡಿಯಲ್ಲಿ ಮಧುಗಿರಿಯ ಆಸ್ಪತ್ರೆಗೆ ಕೊಂಡೊಯ್ದರು. ಆ ಕೈಯಲ್ಲಿ ಹೆಬ್ಬೆರಳೊಂದೇ ಉಳಿಯಿತು.

ಗಾಣವನ್ನು ಕೆರೆಗೆ ನೂಕಬೇಕೆಂದು ಊರವರು ಕೂಗಾಡಿದರು. ಪಾಲಪ್ಪ ಮನೆಗೆ ಬಂದ ಮೇಲೆ ರೇಣುಕಯ್ಯ ನೋಡಲು ಬಂದರು. ಒಳಗೆ ಹೋಗಲಾಗದೆ ಜಗುಲಿಯ ಕೆಳಗೇ ನಿಂತರು.

"ಒಳೀಕೆ ಬನ್ನಿ ಸ್ವಾಮಿ," ಎಂದಳು ಕದರಮ್ಮ. "ಅಲ್ಲೇ ನಿಂತ್ಕಂಡ್ರೆ ಬೆರಳು ಬತ್ತವಾ?"

ಪಾಲಪ್ಪ ಬೈಯಲಿಲ್ಲ. ಇನ್ನೊಬ್ಬರಿಗೆ ಹೀಗಾಗದಂತೆ ಏನಾದರೂ ಮಾಡಿ ಎಂದಷ್ಟೇ ಕೇಳಿದ.

ರೇಣುಕಯ್ಯ ಬೆಂಗಳೂರಿಗೆ ಹೋಗಿ ನಡೆದದ್ದನ್ನು ಮೇಷ್ಟ್ರುಗಳ ಮುಂದೆ, ವಿದ್ಯಾರ್ಥಿಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು. ಶಾಲೆಯ ಕಾರ್ಯಾಗಾರದಲ್ಲಿ ಎಲ್ಲರೂ ಸೇರಿ ಗಾಣದ ಬಾಯಿಗೆ ಕೈ ಸಿಗದಂತೆ ತಡೆಯುವ ಕಾವಲೊಂದನ್ನು ಮಾಡತೊಡಗಿದರು. ತಗಡಿನದು ಬಾಗಿತು. ಅಗಲವಾದದ್ದರಲ್ಲಿ ಕೈ ನುಸುಳುತ್ತಿತ್ತು. ಕೊನೆಗೆ ಜಲ್ಲೆ ಮಾತ್ರ ಹೋಗುವಂಥ, ಕೈ ಉರುಳೆಗೆ ಎಟುಕದಷ್ಟು ಉದ್ದದ, ಕೊಳವೆಯಂಥ ಮರದ ದೋಣಿ ಒಪ್ಪಿತವಾಯಿತು.

ಮುಂದಿನ ಸುಗ್ಗಿಗೆ ರೇಣುಕಯ್ಯ ಅದನ್ನು ಹೊತ್ತುತಂದರೆ ಗಾಣದ ಹತ್ತಿರ ಯಾರೂ ಸುಳಿಯಲಿಲ್ಲ. ಪಾಲಪ್ಪ ಎದ್ದ. ಕದರಮ್ಮ ಅವನ ಹೆಗಲ ಕಂಬಳಿ ಹಿಡಿದು ಜಗ್ಗಿ ಅತ್ತಳು. ಅವನು ಬಿಡಿಸಿಕೊಂಡು ಹೋಗಿ ಕುಳಿತು, ಎಡಗೈಯಲ್ಲಿ ಜಲ್ಲೆ ಕೊಟ್ಟ. ಸಂಜೆಗೆ ಕೊಪ್ಪರಿಗೆ ತುಂಬಿತ್ತು.

ಆಮೇಲೆ ರೇಣುಕಯ್ಯ ಅವನನ್ನು ಜೊತೆಯಲ್ಲೇ ಕರೆದೊಯ್ಯತೊಡಗಿದರು. ಶಿರಾ, ಕೊರಟಗೆರೆ ಎಂದು ಆಲೆಮನೆಯಿದ್ದಲ್ಲೆಲ್ಲ ಪಾಲಪ್ಪ ಮೊದಲು ತನ್ನ ಬಲಗೈ ತೋರಿಸುತ್ತಿದ್ದ, ಆಮೇಲೆ ದೋಣಿಯನ್ನು. ಪಾವಗಡದ ಕಡೆ ಒಬ್ಬ ರೈತ ತೆಲುಗಿನಲ್ಲಿ, "ನೀಕು ಭಯಂ ಲೇದಾ?" ಎಂದು ಕೇಳಿದ.

"ಭಯ ಐತೆ ಕಣಪ್ಪ," ಎಂದ ಪಾಲಪ್ಪ. "ಇರ್ಬೇಕು. ಅದ್ಕೇ ಇದ್ನ ಕೂರ್ಸಿರಾದು."

ಮನೆಯಲ್ಲಿ ಮಾತ್ರ ಅವನಿಗೆ ಬೇಸರವಾಗುತ್ತಿದ್ದದ್ದು ರುಮಾಲು ಸುತ್ತಿಕೊಳ್ಳುವಾಗ. ಕದರಮ್ಮನೇ ಸುತ್ತಬೇಕು, ಬಿಗಿಯಾಯಿತೆಂದು ಅವನು ಗೊಣಗಬೇಕು.

ವಯಸ್ಸಾದ ಮೇಲೆ ಒಂದು ಸುಗ್ಗಿಯಲ್ಲಿ ಅವನ ಭಾವಮೈದ ಬೊಮ್ಮಪ್ಪ, ಕೆಲಸ ಬೇಗ ಸಾಗಲೆಂದು ದೋಣಿ ಕಳಚಿಟ್ಟು ಗಾಣ ಆಡಿಸುತ್ತಿದ್ದ. ಪಾಲಪ್ಪ ಎತ್ತುಗಳ ದಾರಿಗೆ ಅಡ್ಡಲಾಗಿ ಕುಳಿತುಬಿಟ್ಟ. ಹಾಲು ಹುಳಿಯುತ್ತದೆಂದು ಎಲ್ಲರೂ ರೇಗಿದರು. ಅವನು ಜಗ್ಗಲಿಲ್ಲ. ಬೊಮ್ಮಪ್ಪ ಬೈದುಕೊಳ್ಳುತ್ತಲೇ ದೋಣಿ ಕೂರಿಸಿದ ಮೇಲೆ ಪಾಲಪ್ಪ ಎದ್ದು, ಮಣ್ಣು ಕೊಡವಿಕೊಂಡು, ಒಂದು ತುಂಡು ಬಿಸಿಬೆಲ್ಲ ಕೇಳಿದ.