ಯಾರ ಪೈಕಿ?

ಬಾರ್ಕಾ ನದಿ ದಂಡೆಯ ಆಸ್ಪತ್ರೆಯಲ್ಲಿ, ಮನಸ್ಸು ಕುಸಿದು ಬಂದ ತಮ್ಮ ಮೂಲನಿವಾಸಿ ಜನರ ಜೊತೆ ಮಾತಾಡುವುದು ಆಂಟಿ ಮ್ಯಾವಿಸ್ ಅವರ ಕೆಲಸ. ಆದರೆ ಅವರು ಕಾಯಿಲೆಯ ಸುದ್ದಿ ಎತ್ತಿದ್ದನ್ನು ಯಾರೂ ಕಂಡಿಲ್ಲ. ಎದುರುಬದುರು ಹಾಕಿಟ್ಟ ಎರಡು ಸರ್ಕಾರಿ ಕುರ್ಚಿಗಳನ್ನು ದಿನಾ ಬೆಳಿಗ್ಗೆ ಹೊರಗೆಳೆದು, ನೀಲಗಿರಿ ಮರದ ಕೆಳಗೆ ನದಿಗೆ ಮುಖ ಮಾಡಿ ಅಕ್ಕಪಕ್ಕ ಇಡುತ್ತಾರೆ. "ಮುಖ ಮುಖ ನೋಡ್ಕೊಂಡು ಕೂತ್ರೆ ಪೊಲೀಸ್ ಸ್ಟೇಷನ್ ಆಗುತ್ತೆ ಕಣಪ್ಪ" ಎನ್ನುತ್ತಾರೆ. ಬಂದವರ ಕೈಗೆ ಟೀ ಕೊಟ್ಟ ಮೇಲೆ ಮೊದಲನೇ ಪ್ರಶ್ನೆ, "ನೀನು ಯಾರ ಪೈಕಿ? ಅಜ್ಜಿ ಯಾರು?" ಉತ್ತರದ ಎಳೆ ಹಿಡಿದು ಅವರ ನೆನಪು ಮುನ್ನೂರು ಮೈಲಿ ಸುತ್ತಿ ಬರುತ್ತದೆ, ಎಂಥವನಾದರೂ ಟೀ ಆರುವುದರೊಳಗೆ ಅಳಿಯನೋ ಮೊಮ್ಮಗನೋ ಆಗಿಬಿಡಬೇಕು. ಸಿಡ್ನಿಯಿಂದ ಬಂದ ಬಿಳಿ ಡಾಕ್ಟರನ್ನೂ ಬಿಟ್ಟಿಲ್ಲ, ದೂರದ ಸಂಬಂಧದ ಅತ್ತೆಯೊಬ್ಬಳನ್ನು ಅವನಿಗೂ ಗಂಟು ಹಾಕಿದ್ದಾರೆ. "ಫಾರಮ್ಮಲ್ಲಿ ಇದಕ್ಕೆಲ್ಲ ಜಾಗ ಇಲ್ಲ ಆಂಟಿ" ಎಂದು ಅವನು ಗೊಣಗಿದರೆ, "ಹಿಂದುಗಡೆ ಖಾಲಿ ಬಿದ್ದಿದ್ಯಲ್ಲ, ಅಲ್ಲಿ ಬರ್ಕೋ" ಎನ್ನುತ್ತಾರೆ. ಮೊನ್ನೆ ಅರವತ್ತರ ಡೆಸ್ಮಂಡ್ ಎಂಬವನು ಬಂದ. ಅದೇ ಪ್ರಶ್ನೆಗೆ ಟೀ ಲೋಟವನ್ನೇ ನೋಡುತ್ತಾ, "ಗೊತ್ತಿಲ್ಲ. ಮೂರು ವರ್ಷದವನಿದ್ದಾಗ ಸರ್ಕಾರದವ್ರು, ಬಿಳಿಯರ ಥರ ಬೆಳೆಸ್ತೀವಿ ಅಂತ, ಅಮ್ಮನ ಹತ್ರದಿಂದ ಎತ್ಕೊಂಡು ಹೋದ್ರು" ಅಂದ. ಆಂಟಿ ನದಿಯ ಕಡೆಯಿಂದ ಕಣ್ಣು ತೆಗೆಯದೆ ತಮ್ಮ ಕುರ್ಚಿಯನ್ನು ಅವನತ್ತ ಸರಿಸಿದರು. "ನನ್ನನ್ನೂ ಹಂಗೇ ಎತ್ಕೊಂಡು ಹೋಗಿದ್ರು. ನಲವತ್ತು ವರ್ಷ, ಯಾರು ಈ ಪ್ರಶ್ನೆ ಕೇಳಿದ್ರೂ ನಾನು ಎದ್ದು ಹೋಗ್ತಿದ್ದೆ. ಹುಡುಕೋಣ. ಅಲ್ಲೀವರೆಗೂ ಯಾರಾದ್ರೂ ಕೇಳಿದ್ರೆ, ಮ್ಯಾವಿಸ್ ಪೈಕಿ ಅನ್ನು."